ಮಿಶ್ರ ಪ್ರಶ್ನಪತ್ರಿಕೆಯ ಅಂಕದಾನ ಮತ್ತು ವಿಶ್ವಸನೀಯತೆ

ಕರ್ನಾಟಕದ ಹತ್ತನೆಯ ತರಗತಿಯ ಗಣಿತ ಪ್ರಶ್ನಪತ್ರಿಕೆಯ ಇತ್ತೀಚಿನ ವರ್ಷಗಳ ವಿನ್ಯಾಸವನ್ನು ಗಮನಿಸಿದರೆ ಅದರಲ್ಲಿ 38 ಪ್ರಶ್ನೆಗಳೂ 80 ಅಂಕಗಳೂ ಕಂಡುಬರುತ್ತವೆ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು 8, ಒಂದು ಅಂಕದ ಕಿರು ಉತ್ತರದವು 8, ಎರಡು ಅಂಕದವು 8, ಮೂರು ಅಂಕದವು 9, ನಾಲ್ಕು ಅಂಕದವು 4, ಕೊನೆಯಲ್ಲಿ ಐದು ಅಂಕದ ಒಂದೇ ಒಂದು ಪ್ರಶ್ನೆ. ಮೊದಲ ಬಗೆಯ ಪ್ರಶ್ನೆಗೆ ಉತ್ತರ ಸರಿ ಅಥವಾ ತಪ್ಪು. ಅಲ್ಲಿ ಪರೀಕ್ಷಕನ ಮನೋಧರ್ಮಕ್ಕೆ ಎಡೆಯಿಲ್ಲ. ಕೊನೆಯ ಬಗೆಯದರಲ್ಲಿ ಹಂತಹಂತಕ್ಕೂ ಅಂಕವುಂಟು. ಪ್ರತಿ ಹಂತದಲ್ಲಿಯೂ ಒಬ್ಬ ಮನುಷ್ಯನ ತೀರ್ಮಾನ ಸೇರಿಕೊಳ್ಳುತ್ತದೆ. ಇವೆಲ್ಲವನ್ನೂ ಕೂಡಿಸಿ ಅಂಕಪಟ್ಟಿಯಲ್ಲಿ ಒಂದು ಸಂಖ್ಯೆಯನ್ನು ಬರೆಯಲಾಗುತ್ತದೆ. ತಕ್ಕಡಿಯಲ್ಲಿ ತೂಗಿದ ಬೆಲ್ಲವನ್ನೂ ಸೇರಿನಲ್ಲಿ ಅಳೆದ ಜೋಳವನ್ನೂ ಕಣ್ಣಂದಾಜಿನಲ್ಲಿ ಹಿಡಿದುಕೊಟ್ಟ ಸೊಪ್ಪನ್ನೂ ಅಂಗಡಿಯವನು ಒಂದೇ ಮೊತ್ತವಾಗಿ ಬರೆದುಕೊಟ್ಟರೆ ಗಿರಾಕಿಯು ಲೆಕ್ಕ ಕೇಳುತ್ತಾನೆ. ಅಂಕಪಟ್ಟಿಯ ಮುಂದೆ ನಿಂತ ತಂದೆತಾಯಿಗಳು ಅಂತಹ ಲೆಕ್ಕವನ್ನು ಕೇಳುವುದು ಅಪರೂಪ. ಆದರೆ ಆ ಸಂಖ್ಯೆಯ ಬಲದಿಂದಲೇ ಮಗು ಮುಂದಿನ ತರಗತಿಗೆ ಹೋಗುತ್ತದೆ ಅಥವಾ ನಿಲ್ಲುತ್ತದೆ. ವಿದ್ಯಾರ್ಥಿವೇತನವೂ ದತ್ತಿ ಬಹುಮಾನವೂ ಸಲ್ಲುತ್ತವೆ ಅಥವಾ ಕೈತಪ್ಪುತ್ತವೆ. ಆದುದರಿಂದ ಆ ಸಂಖ್ಯೆ ಎಷ್ಟರಮಟ್ಟಿಗೆ ನಂಬಲರ್ಹವಾದುದು ಎಂಬ ಪ್ರಶ್ನೆಯು ಶಿಕ್ಷಕನಿಗೂ ಶಾಲೆಗೆ ನೆರವಾದ ದಾನಿಗೂ ಸಮಾನವಾಗಿ ಸಂಬಂಧಿಸಿದುದಾಗಿದೆ.

ವಿಶ್ವಸನೀಯತೆ ಎಂಬ ಪದಕ್ಕೆ ಪರೀಕ್ಷಾಶಾಸ್ತ್ರದಲ್ಲಿ ಖಚಿತವಾದ ಅರ್ಥವಿದೆ. ಅದೇ ವಿದ್ಯಾರ್ಥಿಗೆ ಅದೇ ಮಟ್ಟದ ಇನ್ನೊಂದು ಪ್ರಶ್ನಪತ್ರಿಕೆಯನ್ನು ಇನ್ನೊಂದು ದಿನ ಕೊಟ್ಟು, ಇನ್ನೊಬ್ಬ ಪರೀಕ್ಷಕನಿಂದ ಮೌಲ್ಯಮಾಪನ ಮಾಡಿಸಿದರೆ ಹೆಚ್ಚುಕಡಿಮೆ ಅದೇ ಅಂಕ ಬರುವುದೇ ಎಂಬುದೇ ಅದರ ತಿರುಳು. ಪರೀಕ್ಷೆಯು ಅಳೆಯಬೇಕಾದುದನ್ನೇ ಅಳೆಯುತ್ತಿದೆಯೇ ಎಂಬುದು ಬೇರೆ ಪ್ರಶ್ನೆ. ಅದು ಸಪ್ರಮಾಣತೆಯ ವಿಚಾರ. ಕೆಟ್ಟ ಗಡಿಯಾರವೂ ಪ್ರತಿದಿನ ಸರಿಯಾಗಿ ಹತ್ತು ನಿಮಿಷ ಮುಂದೆ ಇದ್ದರೆ ಅದು ವಿಶ್ವಸನೀಯವೇ ಹೌದು, ಸಪ್ರಮಾಣವಲ್ಲ. ಈ ಎರಡನ್ನೂ ಒಂದೆಂದು ಭಾವಿಸುವುದರಿಂದ ಶಾಲೆಗಳಲ್ಲಿ ಎಷ್ಟೋ ವ್ಯರ್ಥ ಚರ್ಚೆಗಳು ಹುಟ್ಟುತ್ತವೆ.

ಅಂಕಗಳಲ್ಲಿ ಆಕಸ್ಮಿಕದ ಪಾಲು ಇದೆಯೆಂಬುದನ್ನು ಮೊದಲಿಗೆ ಗಣಿತದ ಭಾಷೆಯಲ್ಲಿ ಹೇಳಿದವರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಎಡ್ಜ್‌ವರ್ತ್ ಪ್ರಮುಖನು. 1888 ಮತ್ತು 1890ರಲ್ಲಿ ಅವನು ಪ್ರಕಟಿಸಿದ ಲೇಖನಗಳು ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಅದೃಷ್ಟದ ಅಂಶವೆಷ್ಟು ಎಂಬುದನ್ನು ಲೆಕ್ಕಹಾಕಲು ಯತ್ನಿಸಿದವು. ಖಗೋಳಜ್ಞನು ನಕ್ಷತ್ರದ ಸ್ಥಾನವನ್ನು ಅಳೆಯುವಾಗ ಹೇಗೆ ದೋಷ ಬರುವುದೋ ಹಾಗೆಯೇ ಪರೀಕ್ಷಕನು ಉತ್ತರವನ್ನು ಅಳೆಯುವಾಗಲೂ ಬರುತ್ತದೆ ಎಂಬುದು ಅವನ ನಿಲುವು. ಬಳಿಕ ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು 1912 ಮತ್ತು 1913ರಲ್ಲಿ ಒಂದು ಸರಳವಾದ ಪ್ರಯೋಗವನ್ನು ನಡೆಸಿದರು. ಒಬ್ಬ ವಿದ್ಯಾರ್ಥಿಯ ಒಂದೇ ಉತ್ತರಪತ್ರಿಕೆಯ ಪ್ರತಿಗಳನ್ನು ಮಾಡಿಸಿ ಅನೇಕ ಪ್ರೌಢಶಾಲೆಗಳಿಗೆ ಕಳುಹಿಸಿ ಅಂಕ ಕೊಡುವಂತೆ ಕೇಳಿದರು. ಇಂಗ್ಲಿಷ್ ಪತ್ರಿಕೆಯ ಅಂಕಗಳು ಹರಡಿಕೊಂಡದ್ದನ್ನು ಕಂಡು, ಭಾಷೆಯೆಂದರೆ ಹಾಗೆಯೇ ಎಂದು ಜನ ಹೇಳಿದರು. ಆಗ ಅವರು ರೇಖಾಗಣಿತದ ಉತ್ತರಪತ್ರಿಕೆಯೊಂದನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಗೆ ಕಳುಹಿಸಿದರು. ಅಲ್ಲಿ ಅಂಕಗಳು ಮೂವತ್ತರ ಒಳಗಿನಿಂದ ತೊಂಬತ್ತರ ಆಚೆಯವರೆಗೆ ಚದುರಿದವು. ಹಂತಗಳಿಗೆ ಅಂಕ ಕೊಡಬೇಕೇ ಬೇಡವೇ, ಚಿತ್ರ ತಪ್ಪಿದರೆ ಕಳೆಯಬೇಕೇ, ಅಂದಗೇಡಿ ಬರವಣಿಗೆಗೆ ದಂಡ ಹಾಕಬೇಕೇ ಎಂಬ ವಿಷಯಗಳಲ್ಲಿ ಒಬ್ಬೊಬ್ಬ ಶಿಕ್ಷಕನದೂ ಒಂದೊಂದು ನ್ಯಾಯವಾಗಿತ್ತು.

ಇನ್ನೊಂದು ಅಧ್ಯಯನವು ಭಾರತೀಯರಿಗೆ ಸ್ವಲ್ಪ ಹತ್ತಿರದ್ದು. ಫಿಲಿಪ್ ಹಾರ್ಟಾಗ್ ಎಂಬವನು ಢಾಕಾ ವಿಶ್ವವಿದ್ಯಾಲಯದ ಪ್ರಥಮ ಉಪಕುಲಪತಿಯಾಗಿದ್ದವನು. 1929ರಲ್ಲಿ ವರದಿ ಸಲ್ಲಿಸಿದ ಭಾರತೀಯ ಶಿಕ್ಷಣದ ಸಮಿತಿ ಇವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅವನು ರೋಡ್ಸ್ ಎಂಬ ಸಂಖ್ಯಾಶಾಸ್ತ್ರಜ್ಞನೊಡನೆ 1935ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಇತಿಹಾಸದ 15 ಉತ್ತರಪತ್ರಿಕೆಗಳನ್ನು 14 ಮಂದಿ ಪರೀಕ್ಷಕರು ಮೌಲ್ಯಮಾಪನ ಮಾಡಿದ ವಿವರವಿದೆ. ಒಂದು ವರ್ಷಕ್ಕೂ ಮಿಕ್ಕಿದ ಅವಧಿ ಕಳೆದ ಮೇಲೆ ಅವೇ ಪತ್ರಿಕೆಗಳನ್ನು ಅವರಿಗೇ ಮತ್ತೆ ಕೊಡಲಾಯಿತು. ಒಟ್ಟು 210 ತೀರ್ಮಾನಗಳಲ್ಲಿ 92ರಲ್ಲಿ ಪರೀಕ್ಷಕನು ತನ್ನ ಹಿಂದಿನ ತೀರ್ಪನ್ನು ತಾನೇ ಬದಲಾಯಿಸಿದ್ದನು. ಉತ್ತೀರ್ಣನೆಂದವನನ್ನು ಅನುತ್ತೀರ್ಣನೆಂದೋ, ಅನುತ್ತೀರ್ಣನೆಂದವನನ್ನು ಉತ್ತೀರ್ಣನೆಂದೋ, ಇಲ್ಲವೇ ದರ್ಜೆಯನ್ನು ಮೇಲೆಕೆಳಗೆ ಮಾಡಿಯೋ ಬರೆದಿದ್ದನು. ಒಬ್ಬನು ಮತ್ತೊಬ್ಬನೊಡನೆ ಒಪ್ಪದಿರುವುದು ಒಂದು ಸಂಗತಿ. ತನ್ನೊಡನೆ ತಾನೇ ಒಪ್ಪದಿರುವುದು ಇನ್ನೂ ಗಂಭೀರವಾದುದು.

ಈ ಬಗೆಯ ಶೋಧನೆಗಳ ಫಲವಾಗಿಯೇ ವಸ್ತುನಿಷ್ಠ ಪ್ರಶ್ನೆಗಳು ಬಳಕೆಗೆ ಬಂದವು. ಭಾರತದಲ್ಲಿ 1952–53ರ ಮುದಲಿಯಾರ್ ಆಯೋಗವು ಪ್ರಬಂಧರೂಪದ ಪರೀಕ್ಷೆಯ ಪ್ರಾಬಲ್ಯವನ್ನು ತಗ್ಗಿಸಿ ವಸ್ತುನಿಷ್ಠ ಪರೀಕ್ಷೆಗಳಿಗೆ ಎಡೆಗೊಡಬೇಕೆಂದು ಸಲಹೆ ಮಾಡಿತು. ಅಮೆರಿಕದ ಬೆಂಜಮಿನ್ ಬ್ಲೂಮ್ ಭಾರತಕ್ಕೆ ಬಂದು ಶಿಕ್ಷಕರಿಗೆ ಕಾರ್ಯಾಗಾರಗಳನ್ನು ನಡೆಸಿದ್ದು, ಕೇಂದ್ರ ಪರೀಕ್ಷಾ ಘಟಕವು 1958ರಲ್ಲಿ ಸ್ಥಾಪನೆಯಾದದ್ದು ಈ ಹಾದಿಯ ಮುಂದಿನ ಹೆಜ್ಜೆಗಳು. ಉದ್ದೇಶಗಳ ಪಟ್ಟಿ, ನೀಲನಕ್ಷೆ, ಮೂರು ನಾಲ್ಕು ಬಗೆಯ ಪ್ರಶ್ನೆಗಳ ಮಿಶ್ರಣ ಇವೆಲ್ಲವೂ ಆ ಕಾಲದಲ್ಲಿ ಬೇರುಬಿಟ್ಟವು. ಶಿಕ್ಷಕ ತರಬೇತಿ ಪಡೆದ ಯಾರಿಗೂ ಅವು ಹೊಸವಲ್ಲ. ಆದರೆ ಮಿಶ್ರಣವು ಬಂದಷ್ಟು ಬೇಗ ಮಿಶ್ರಣದ ಗಣಿತವು ಶಾಲೆಗಳಿಗೆ ಬರಲಿಲ್ಲ.

ವಸ್ತುನಿಷ್ಠ ಪ್ರಶ್ನೆಗಳೇ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ, 2021ರ ಜುಲೈ 19 ಮತ್ತು 22ರಂದು, ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಹಾಗೆಯೇ ನಡೆಯಿತು. ಒಂದು ದಿನ ಗಣಿತ, ವಿಜ್ಞಾನ, ಸಮಾಜವಿಜ್ಞಾನ, ಇನ್ನೊಂದು ದಿನ ಮೂರು ಭಾಷೆಗಳು, ಪ್ರತಿ ವಿಷಯಕ್ಕೆ 40 ಬಹು ಆಯ್ಕೆ ಪ್ರಶ್ನೆಗಳು, ಉತ್ತರಕ್ಕೆ ಓ.ಎಂ.ಆರ್. ಹಾಳೆ. ಆಪತ್ಕಾಲದ ಏರ್ಪಾಡಾಗಿ ಅದು ಒಪ್ಪತಕ್ಕುದೇ. ಆದರೆ ಪುಸ್ತಕವನ್ನು ತೆರೆಯದ ಹುಡುಗನೂ ನಾಲ್ಕು ಆಯ್ಕೆಗಳಿರುವ 40 ಪ್ರಶ್ನೆಗಳಿಗೆ ಕುರುಡಾಗಿ ಗುರುತು ಹಾಕಿದರೆ ಸರಾಸರಿ 10 ಅಂಕ ಪಡೆಯುತ್ತಾನೆ ಎಂಬುದನ್ನು ಮರೆಯಲಾಗದು. ಊಹೆಯ ಲಾಭವನ್ನು ಕಳೆಯಲು ಒಂದು ಹಳೆಯ ಸೂತ್ರವುಂಟು: ತಪ್ಪು ಉತ್ತರಗಳ ಸಂಖ್ಯೆಯನ್ನು, ಆಯ್ಕೆಗಳ ಸಂಖ್ಯೆಗಿಂತ ಒಂದು ಕಡಿಮೆಯಾದುದರಿಂದ ಭಾಗಿಸಿ, ಸರಿ ಉತ್ತರಗಳಿಂದ ಕಳೆಯುವುದು. ನಾಲ್ಕು ಆಯ್ಕೆಗಳಿದ್ದಲ್ಲಿ ಮೂರು ತಪ್ಪಿಗೆ ಒಂದು ಸರಿ ಉತ್ತರವು ಹೋಗುತ್ತದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಸೂತ್ರದ ಪ್ರಕಾರವಾದರೆ ಕಡಿತವು ಒಂದೂ ಮೂರರಲ್ಲೊಂದು ಆಗಬೇಕು. ಕರ್ನಾಟಕದ ಸಿ.ಇ.ಟಿ.ಯಲ್ಲಿ ಕಡಿತವೇ ಇಲ್ಲ. ಮಿಶ್ರ ಪತ್ರಿಕೆಯಲ್ಲಿ ಈ ಬಗೆಯ ಕಡಿತವನ್ನು ಒಂದು ಭಾಗಕ್ಕೆ ಮಾತ್ರ ತರುವುದು ಅಷ್ಟು ಹಿತಕರವಲ್ಲ. ಧೈರ್ಯಸ್ಥನಿಗೂ ಅಂಜುಬುರುಕನಿಗೂ ನಡುವಣ ಸ್ವಭಾವಭೇದವು ಅಂಕವಾಗಿ ಪರಿಣಮಿಸುತ್ತದೆ. ಹಳ್ಳಿಯ ಹೆಣ್ಣುಮಗಳು ಅರ್ಧ ತಿಳಿದುದನ್ನೂ ಬಿಟ್ಟುಬಿಡುತ್ತಾಳೆ, ಪಟ್ಟಣದ ತರಬೇತಿ ಕೇಂದ್ರದ ಹುಡುಗನು ಬಿಡುವುದಿಲ್ಲ. ಆಯ್ಕೆಗಳನ್ನು ಚೆನ್ನಾಗಿ ರಚಿಸಿ ಪ್ರಶ್ನೆಗಳ ಸಂಖ್ಯೆಯನ್ನು ಹೆಚ್ಚಿಸುವುದೇ ಉತ್ತಮ ಪರಿಹಾರ. 20 ಪ್ರಶ್ನೆಗಳಿರುವಲ್ಲಿ ಕೇವಲ ಊಹೆಯಿಂದ ಅರ್ಧದಷ್ಟನ್ನು ಅಥವಾ ಅದಕ್ಕಿಂತ ಹೆಚ್ಚನ್ನು ಸರಿಮಾಡುವವನು ನೂರಕ್ಕೆ ಒಬ್ಬನಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ.

ವಸ್ತುನಿಷ್ಠ ಪ್ರಶ್ನೆಗಳ ನಿಜವಾದ ಕೊರತೆ ಊಹೆಯಲ್ಲಿಲ್ಲ. ಒಂದು ವಾಕ್ಯವನ್ನು ತಾನೇ ಕಟ್ಟುವುದು, ಒಂದು ಪ್ರಮೇಯವನ್ನು ಮೊದಲಿನಿಂದ ಕೊನೆಯವರೆಗೆ ಸಾಧಿಸುವುದು, ಪ್ರಯೋಗವನ್ನು ಕ್ರಮವಾಗಿ ವಿವರಿಸುವುದು ಇವು ಶಿಕ್ಷಣದ ಗುರಿಗಳಾಗಿದ್ದರೆ ಅವನ್ನು ಗುಂಡು ತುಂಬಿಸಿ ಅಳೆಯಲಾಗದು. ಇದಕ್ಕಿಂತಲೂ ಮುಖ್ಯವಾದುದೆಂದರೆ, ಪರೀಕ್ಷೆಯಲ್ಲಿ ಏನು ಕೇಳುವುದಿಲ್ಲವೋ ಅದನ್ನು ತರಗತಿಯಲ್ಲಿ ಕಲಿಸುವುದೂ ನಿಧಾನವಾಗಿ ನಿಂತುಹೋಗುತ್ತದೆ. ಹೀಗಾಗಿ ದೀರ್ಘ ಉತ್ತರದ ಪ್ರಶ್ನೆಯು ಇರಲೇಬೇಕು. ಅದನ್ನು ಇರಿಸಿಕೊಳ್ಳಲು ವಿಶ್ವಸನೀಯತೆಯಲ್ಲಿ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಮಾತ್ರ ತಿಳಿದಿರಬೇಕು.

ಈ ಬೆಲೆಯನ್ನು ಲೆಕ್ಕಹಾಕುವ ಮಾರ್ಗವನ್ನು ಕಲ್ಪಿತ ಉದಾಹರಣೆಯೊಂದರಿಂದ ವಿವರಿಸಬಹುದು. 80 ಅಂಕಗಳ ಒಂದು ಪತ್ರಿಕೆಗೆ ಮೂರು ಭಾಗಗಳಿವೆಯೆಂದು ಭಾವಿಸಿರಿ. ‘ಅ’ ಭಾಗವು ಬಹು ಆಯ್ಕೆಯದು, 20 ಅಂಕ. ‘ಆ’ ಭಾಗವು ಕಿರು ಉತ್ತರದ್ದು, 30 ಅಂಕ. ‘ಇ’ ಭಾಗವು ದೀರ್ಘ ಉತ್ತರದ್ದು, 30 ಅಂಕ. ತರಗತಿಯ ಅಂಕಗಳ ಹರವನ್ನು ಸೂಚಿಸುವ ಮಾನಕ ವಿಚಲನೆಗಳು ಅನುಕ್ರಮವಾಗಿ 4, 6, 5. ಭಾಗಗಳ ವಿಶ್ವಸನೀಯತಾ ಗುಣಾಂಕಗಳು 0.80, 0.75, 0.50. ‘ಅ’ಗೂ ‘ಆ’ಗೂ ಸಹಸಂಬಂಧ 0.6, ‘ಅ’ಗೂ ‘ಇ’ಗೂ 0.4, ‘ಆ’ಗೂ ‘ಇ’ಗೂ 0.5. ಇಂತಹ ಚಿತ್ರವು ಪ್ರೌಢಶಾಲೆಯ ತರಗತಿಯಲ್ಲಿ ಅಸಹಜವೇನೂ ಅಲ್ಲ.

ಮಾನಕ ವಿಚಲನೆಯ ವರ್ಗವನ್ನು ವಿಚಲನವರ್ಗವೆಂದು ಕರೆಯೋಣವಾಗಲಿ. ಮೂರು ಭಾಗಗಳವು 16, 36, 25, ಮೊತ್ತ 77. ಭಾಗಗಳು ಒಂದರೊಡನೊಂದು ಹೊಂದಿ ನಡೆಯುವುದರಿಂದ ಇದಕ್ಕೆ ಜೋಡಿಗಳ ಸಹವಿಚಲನೆಯ ಇಮ್ಮಡಿಯೂ ಸೇರಬೇಕು. ಸಹಸಂಬಂಧವನ್ನು ಎರಡೂ ವಿಚಲನೆಗಳಿಂದ ಗುಣಿಸಿದರೆ ಕ್ರಮವಾಗಿ 14.4, 8, 15 ದೊರೆಯುತ್ತವೆ. ಇವುಗಳ ಮೊತ್ತ 37.4, ಇಮ್ಮಡಿ 74.8. ಹೀಗೆ ಒಟ್ಟು ಅಂಕಗಳ ವಿಚಲನವರ್ಗ 151.8. ಇನ್ನು ದೋಷದ ಪಾಲು: ಪ್ರತಿ ಭಾಗದ ವಿಚಲನವರ್ಗವನ್ನು, ಒಂದರಿಂದ ಅದರ ಗುಣಾಂಕವನ್ನು ಕಳೆದು ಉಳಿದುದರಿಂದ ಗುಣಿಸಬೇಕು. ‘ಅ’ದಲ್ಲಿ 3.2, ‘ಆ’ದಲ್ಲಿ 9, ‘ಇ’ದಲ್ಲಿ 12.5; ಒಟ್ಟು ದೋಷ 24.7. ಇದನ್ನು 151.8ರಿಂದ ಭಾಗಿಸಿ ಒಂದರಿಂದ ಕಳೆದರೆ ಇಡೀ ಪತ್ರಿಕೆಯ ವಿಶ್ವಸನೀಯತೆ ಸುಮಾರು 0.84 ಎಂದಾಗುತ್ತದೆ. ಅರ್ಧಕ್ಕಿಂತ ಹೆಚ್ಚು ದೋಷವು ‘ಇ’ ಭಾಗವೊಂದರಿಂದಲೇ ಬಂದಿತೆಂಬುದು ಇಲ್ಲಿ ಗಮನಾರ್ಹ.

ಭಾಗಭಾಗವಾಗಿ ಲೆಕ್ಕಹಾಕುವ ಈ ವಿಧಾನಕ್ಕೆ ಸ್ತರೀಕೃತ ಆಲ್ಫಾ ಎಂದು ಹೆಸರು. ಕ್ರಾನ್‌ಬಾಕ್ ಎಂಬ ಮನಶ್ಶಾಸ್ತ್ರಜ್ಞನು 1951ರಲ್ಲಿ ಪ್ರಸಿದ್ಧಿಗೆ ತಂದ ಆಲ್ಫಾ ಗುಣಾಂಕವನ್ನು ಅವನೂ ಅವನ ಸಹೋದ್ಯೋಗಿಗಳೂ 1965ರಲ್ಲಿ ಈ ರೂಪಕ್ಕೆ ವಿಸ್ತರಿಸಿದರು. ಸಾಮಾನ್ಯ ಆಲ್ಫಾವನ್ನೇ ಮಿಶ್ರ ಪತ್ರಿಕೆಗೆ ಬಳಸಿದರೆ ಏನಾಗುತ್ತದೆಂಬುದನ್ನು ಮೇಲಿನ ಅಂಕಿಗಳಿಂದಲೇ ನೋಡಬಹುದು. ಮೂರು ಭಾಗಗಳನ್ನು ಮೂರು ಪ್ರಶ್ನೆಗಳಂತೆ ಪರಿಗಣಿಸಿದರೆ ಉತ್ತರ 0.74 ಬರುತ್ತದೆ. ಸಾಮಾನ್ಯ ಆಲ್ಫಾವು ಎಲ್ಲ ಅಂಶಗಳೂ ಒಂದೇ ಗುಣವನ್ನು ಒಂದೇ ಅಳತೆಗೋಲಿನಲ್ಲಿ ಅಳೆಯುತ್ತವೆಂದು ಮುಂದಾಗಿಯೇ ಒಪ್ಪಿಕೊಂಡಿರುತ್ತದೆ. ಆ ಒಪ್ಪಂದ ಮುರಿದಾಗ ಅದು ಪತ್ರಿಕೆಯ ಮೌಲ್ಯವನ್ನು ಇದ್ದುದಕ್ಕಿಂತ ಕಡಿಮೆಯಾಗಿ ತೋರಿಸುತ್ತದೆ. ಸಂಶೋಧನ ಪ್ರಬಂಧಗಳಲ್ಲಿಯೂ ಈ ತಪ್ಪು ಅಲ್ಲಲ್ಲಿ ಕಾಣಸಿಗುತ್ತದೆ. ಗಣಕಯಂತ್ರವು ಕೇಳಿದ ಗುಣಾಂಕವನ್ನು ಕೊಡುತ್ತದೆಯೇ ಹೊರತು ಬೇಕಾದ ಗುಣಾಂಕವನ್ನಲ್ಲ. ಭಾಗಗಳ ಉದ್ದವು ಅಸಮವಾಗಿದ್ದಾಗ ಉಪಯೋಗಿಸಲು ಭಾರತ ಮೂಲದ ನಂಬೂರಿ ರಾಜು ಎಂಬ ವಿದ್ವಾಂಸರು 1977ರಲ್ಲಿ ಇನ್ನೊಂದು ಸೂತ್ರವನ್ನು ಒದಗಿಸಿದರು. ಪ್ರತಿಯೊಂದು ಪ್ರಶ್ನೆಯ ಕಾಠಿಣ್ಯವನ್ನೂ ಭಾಗಶಃ ಅಂಕಗಳನ್ನೂ ಒಂದೇ ಮಾಪನಕ್ಕೆ ತರುವ ಸಮೆಜಿಮಾ (1969) ಮತ್ತು ಮಾಸ್ಟರ್ಸ್ (1982) ಇವರ ಮಾದರಿಗಳೂ ಇವೆ. ಅವುಗಳಿಗೆ ನೂರಾರು ಉತ್ತರಪತ್ರಿಕೆಗಳೂ ಗಣಕಯಂತ್ರವೂ ಬೇಕಾದುದರಿಂದ ಅವು ಮಂಡಳಿಗಳ ಕೆಲಸ, ಒಂದು ಶಾಲೆಯ ಕೆಲಸವಲ್ಲ.

ಗುಣಾಂಕ 0.84 ಎಂದರೆ ತಂದೆತಾಯಿಗಳಿಗೆ ಏನೂ ತಿಳಿಯುವುದಿಲ್ಲ. ಅದನ್ನು ಅಂಕಗಳ ಭಾಷೆಗೆ ತಿರುಗಿಸಬೇಕು. ದೋಷದ ವಿಚಲನವರ್ಗ 24.7ರ ವರ್ಗಮೂಲವು ಸುಮಾರು 5. ಇದೇ ಅಳತೆಯ ಮಾನಕ ದೋಷ. 40 ಅಂಕ ಪಡೆದ ವಿದ್ಯಾರ್ಥಿಯ ನಿಜಸಾಮರ್ಥ್ಯವು ಸ್ಥೂಲವಾಗಿ 35ರಿಂದ 45ರ ನಡುವೆ ಇರುವ ಸಂಭವ ಮೂರರಲ್ಲಿ ಎರಡು ಪಾಲು. 80ಕ್ಕೆ 28 ಎಂಬುದು ಬಹುಕಾಲ ಉತ್ತೀರ್ಣತೆಯ ಗೆರೆಯಾಗಿದ್ದಿತು. 30 ಅಂಕದ ನಿಜಸಾಮರ್ಥ್ಯವುಳ್ಳ, ಅಂದರೆ ಉತ್ತೀರ್ಣನಾಗಲು ಅರ್ಹನಾದ ಹುಡುಗನು ಇಂತಹ ಪತ್ರಿಕೆಯಲ್ಲಿ 28ಕ್ಕಿಂತ ಕಡಿಮೆ ಪಡೆಯುವ ಸಂಭವವು ಸುಮಾರು ಮೂರರಲ್ಲಿ ಒಂದು. ಗೆರೆಯನ್ನು ಎಲ್ಲಿ ಎಳೆದರೂ ಅದರ ಹತ್ತಿರ ನಿಂತವರ ಗತಿ ಇದೇ. ಗೆರೆಯ ಕೆಳಗೆ ಬಿದ್ದ ಮಗುವಿನ ಓದು ಅಲ್ಲಿಗೇ ಮುಗಿಯುವ ಮನೆಗಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳ ಪಾಲಿಗೆ, ಈ ಮೂರರಲ್ಲೊಂದು ಎಂಬುದು ಬರಿಯ ಸಂಖ್ಯೆಯಲ್ಲ.

ಒಂದೇ ವರ್ಷದಲ್ಲಿ ಮೂರು ಬಾರಿ ಪರೀಕ್ಷೆ ಬರೆದು ಉತ್ತಮ ಅಂಕವನ್ನು ಉಳಿಸಿಕೊಳ್ಳುವ ಅವಕಾಶವು 2024ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದಾಗ, ಗೆರೆಯ ಹತ್ತಿರದ ಇಂತಹ ಅನ್ಯಾಯವು ಬಹುಮಟ್ಟಿಗೆ ತಗ್ಗಿತು. ಆ ಮಟ್ಟಿಗೆ ಅದು ಕರುಣೆಯುಳ್ಳ ಕ್ರಮ. ಅದಕ್ಕೂ ಒಂದು ಲೆಕ್ಕವಿದೆ. ಮಾನಕ ದೋಷವು 5 ಆಗಿದ್ದಲ್ಲಿ, ಏನನ್ನೂ ಹೊಸದಾಗಿ ಕಲಿಯದವನಿಗೂ ಎರಡು ಪ್ರಯತ್ನಗಳ ಉತ್ತಮ ಅಂಕವು ಸರಾಸರಿಯಲ್ಲಿ ಸುಮಾರು 3 ಅಂಕ ಮೇಲಿರುತ್ತದೆ. ಮೂರು ಪ್ರಯತ್ನಗಳದು 4ಕ್ಕೂ ಮಿಕ್ಕಿ. ಆದುದರಿಂದ ಒಮ್ಮೆ ಬರೆದವನ ಅಂಕವನ್ನೂ ಮೂರು ಬಾರಿ ಬರೆದವನ ಅಂಕವನ್ನೂ ಪಕ್ಕಪಕ್ಕದಲ್ಲಿಟ್ಟು ಸ್ಥಾನ ನಿರ್ಣಯಿಸುವುದು ಯುಕ್ತವಾಗದು.

ದೀರ್ಘ ಉತ್ತರಗಳಿಗೆ ಹೆಚ್ಚು ಅಂಕವಿಟ್ಟರೆ ಪರೀಕ್ಷೆಯ ಘನತೆ ಹೆಚ್ಚುವುದೆಂಬ ಭಾವನೆ ಹಿರಿಯ ಶಿಕ್ಷಕರಲ್ಲಿ ಬಲವಾಗಿದೆ. ಮೇಲಿನ ಉದಾಹರಣೆಯಲ್ಲಿ ಪ್ರಶ್ನೆಗಳನ್ನು ಹೆಚ್ಚಿಸದೆ ‘ಇ’ ಭಾಗದ ಅಂಕಗಳನ್ನು ಮಾತ್ರ 60ಕ್ಕೆ ಇಮ್ಮಡಿಸಿದರೆ ವಿಶ್ವಸನೀಯತೆಯು 0.84ರಿಂದ 0.77ಕ್ಕೆ ಇಳಿಯುತ್ತದೆ. ಅದೇ ಭಾಗಕ್ಕೆ ಅದೇ ಮಟ್ಟದ ಇನ್ನಷ್ಟು ಪ್ರಶ್ನೆಗಳನ್ನು ಸೇರಿಸಿ ಉದ್ದವನ್ನು ಇಮ್ಮಡಿಸಿದರೆ, ಸ್ಪಿಯರ್‌ಮನ್ ಮತ್ತು ಬ್ರೌನ್ 1910ರಲ್ಲಿ ಬೇರೆಬೇರೆಯಾಗಿ ಪ್ರಕಟಿಸಿದ ಸೂತ್ರದಂತೆ, ಆ ಭಾಗದ ಗುಣಾಂಕವು 0.50ರಿಂದ 0.67ಕ್ಕೆ ಏರುತ್ತದೆ. ಅಂಕ ಹೆಚ್ಚಿಸುವುದಕ್ಕೂ ಪ್ರಶ್ನೆ ಹೆಚ್ಚಿಸುವುದಕ್ಕೂ ಇರುವ ವ್ಯತ್ಯಾಸ ಇದು. ಹತ್ತು ಅಂಕದ ಮೂರು ಪ್ರಶ್ನೆಗಳಿಗಿಂತ ಐದು ಅಂಕದ ಆರು ಪ್ರಶ್ನೆಗಳು ಮೇಲು. ಓದದ ಒಂದೇ ಪಾಠದ ಮೇಲೆ ಪ್ರಶ್ನೆ ಬಿದ್ದು ಮಗು ಮುಳುಗುವ ಭಯವೂ ಆಗ ಕಡಿಮೆ.

ಅಂಕಪಟ್ಟಿಯಲ್ಲಿ ಬರೆದ ತೂಕ ಬೇರೆ, ನಿಜವಾಗಿ ಬೀಳುವ ತೂಕ ಬೇರೆ. ‘ಇ’ ಭಾಗಕ್ಕೆ 80ರಲ್ಲಿ 30 ಅಂಕ, ಅಂದರೆ ನೂರಕ್ಕೆ 37.5 ಪಾಲು. ಆದರೆ ಅಳುಕಿನ ಪರೀಕ್ಷಕನೊಬ್ಬನು ಎಲ್ಲರಿಗೂ ಹತ್ತಿರಹತ್ತಿರದ ಅಂಕಗಳನ್ನೇ ಹಂಚಿ ಮಾನಕ ವಿಚಲನೆಯನ್ನು 5ರಿಂದ 2ಕ್ಕೆ ಇಳಿಸಿದನೆಂದಿಟ್ಟುಕೊಳ್ಳಿರಿ. ಆಗ ವಿದ್ಯಾರ್ಥಿಗಳ ತಾರತಮ್ಯ ನಿರ್ಣಯದಲ್ಲಿ ಆ ಭಾಗದ ಪಾಲು ನೂರಕ್ಕೆ 13ರಷ್ಟಕ್ಕೆ ಕುಸಿಯುತ್ತದೆ. ಪ್ರಬಂಧವನ್ನು ಶ್ರಮಪಟ್ಟು ಚೆನ್ನಾಗಿ ಬರೆದವನಿಗೂ ಗೀಚಿದವನಿಗೂ ಮೂರು ಅಂಕದ ಅಂತರ. ನಾಲ್ಕು ಬಹು ಆಯ್ಕೆ ಪ್ರಶ್ನೆಗಳ ಊಹೆ ಫಲಿಸಿದರೆ ಆ ಅಂತರ ಅಳಿಸಿಹೋಗುತ್ತದೆ. ಉದಾರತೆಯೆಂದು ತೋರುವ ಈ ಅಭ್ಯಾಸವು ಬರವಣಿಗೆಯನ್ನು ಪರೀಕ್ಷೆಯಿಂದ ಸದ್ದಿಲ್ಲದೆ ಹೊರಹಾಕುವ ಉಪಾಯವೇ ಆಗಿಬಿಡುತ್ತದೆ.

ಪರೀಕ್ಷಕರ ನಡುವಣ ಭೇದವನ್ನು ಎರಡು ಬಗೆಯಾಗಿ ನೋಡಬೇಕು. ಇಬ್ಬರು ಪರೀಕ್ಷಕರು ವಿದ್ಯಾರ್ಥಿಗಳನ್ನು ಒಂದೇ ಕ್ರಮದಲ್ಲಿ ನಿಲ್ಲಿಸಿ, ಒಬ್ಬನು ಎಲ್ಲರಿಗೂ ಐದೈದು ಅಂಕ ಕಡಿಮೆ ಕೊಟ್ಟರೆ ಅವರ ಸಹಸಂಬಂಧ ಪೂರ್ಣವಾಗಿಯೇ ಇರುತ್ತದೆ. ಗುಣಾಂಕವನ್ನಷ್ಟೇ ನೋಡಿದವನು ಎಲ್ಲವೂ ಸರಿಯಿದೆಯೆಂದು ತಿಳಿಯುತ್ತಾನೆ. ಕಠಿಣ ಪರೀಕ್ಷಕನ ಬಂಡಲಿನಲ್ಲಿ ಸಿಕ್ಕಿಬಿದ್ದ ಮಕ್ಕಳಿಗೆ ಮಾತ್ರ ಹಾಗೆ ಕಾಣದು. ಆದ್ದರಿಂದ ಸಹಸಂಬಂಧದ ಜೊತೆಗೆ ಸರಾಸರಿಗಳನ್ನೂ ಹೋಲಿಸಬೇಕು. ಇಬ್ಬರಿಂದ ಸ್ವತಂತ್ರವಾಗಿ ಮೌಲ್ಯಮಾಪನ ಮಾಡಿಸಿ ಸರಾಸರಿ ತೆಗೆಯುವುದು ಎಲ್ಲಕ್ಕೂ ಮದ್ದೆಂದು ಹೇಳುವುದುಂಟು. ಉದಾಹರಣೆಯ ‘ಇ’ ಭಾಗದ 12.5 ದೋಷದಲ್ಲಿ 6 ಪರೀಕ್ಷಕನದೆಂದೂ ಉಳಿದುದು ಪ್ರಶ್ನೆಗಳ ಆಯ್ಕೆಯಿಂದ ಬಂದುದೆಂದೂ ಭಾವಿಸಿದರೆ, ಇಬ್ಬರು ಪರೀಕ್ಷಕರಿಂದ ಆ 6 ಎಂಬುದು 3 ಆಗುತ್ತದೆ; ಇಡೀ ಪತ್ರಿಕೆಯ ಗುಣಾಂಕ 0.84ರಿಂದ 0.85ಕ್ಕೆ ಏರುತ್ತದೆ, ಅಷ್ಟೆ. ವೆಚ್ಚ ಇಮ್ಮಡಿ, ಫಲ ಅತ್ಯಲ್ಪ. ಪ್ರಶ್ನೆಯೇ ಪಾಠದ ಒಂದು ಮೂಲೆಯಿಂದ ಬಂದಿದ್ದರೆ ಹತ್ತು ಮಂದಿ ಪರೀಕ್ಷಕರೂ ಅದನ್ನು ಸರಿಪಡಿಸಲಾರರು. ಗೆರೆಯ ಆಚೀಚೆ ಐದಾರು ಅಂಕಗಳೊಳಗೆ ಇರುವ ಪತ್ರಿಕೆಗಳನ್ನು ಮಾತ್ರ ಎರಡನೆಯವರಿಗೆ ಕೊಡುವುದೇ ಶಾಲೆಯೊಂದಕ್ಕೆ ಸಾಧ್ಯವಾದ, ಸಾರ್ಥಕವೂ ಆದ ಕ್ರಮ.

ಖರ್ಚಿಲ್ಲದ ಕ್ರಮಗಳೂ ಇವೆ. ಉತ್ತರಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಂದಿನದಕ್ಕೆ ಹೋಗುವ ಬದಲು, ಎಲ್ಲರ ಒಂದನೆಯ ದೀರ್ಘ ಉತ್ತರವನ್ನು ಮುಗಿಸಿ, ಪತ್ರಿಕೆಗಳ ಕ್ರಮವನ್ನು ಕಲಸಿ, ಬಳಿಕ ಎರಡನೆಯದಕ್ಕೆ ಹೋಗಬೇಕು. ಹಾಗೆ ಮಾಡಿದರೆ ಮೊದಲ ಉತ್ತರದ ಪ್ರಭಾವ ಎರಡನೆಯದರ ಮೇಲೆ ಬೀಳುವುದಿಲ್ಲ. ಸಂಜೆಯ ಆಯಾಸವೂ ಯಾವಾಗಲೂ ಅದೇ ಮಕ್ಕಳ ಪಾಲಿಗೆ ಬರುವುದಿಲ್ಲ. ಹೆಸರು ಕಾಣದಂತೆ ಮೊದಲ ಪುಟವನ್ನು ಮಡಿಸಿಡುವುದು ಸಣ್ಣ ಕೆಲಸ. ಸಹೋದ್ಯೋಗಿಯ ಮಗನ ಪತ್ರಿಕೆಯನ್ನು ನೋಡುವ ಶಿಕ್ಷಕನಿಗೆ ಅದು ದೊಡ್ಡ ಉಪಕಾರ. ಅಂಕದಾನದ ಸೂಚಿಯನ್ನು ಪ್ರಶ್ನೆ ಬರೆದ ದಿನವೇ ಬರೆಯಬೇಕು, ಮತ್ತು ನಾಲ್ಕೈದು ನಿಜವಾದ ಉತ್ತರಗಳನ್ನು ಎಲ್ಲರೂ ಕೂಡಿ ನೋಡಿದ ಮೇಲೆ ಅದನ್ನು ಒಮ್ಮೆ ತಿದ್ದಬೇಕು. ಮಕ್ಕಳು ಎಂತಹ ದಾರಿಗಳಿಂದ ಉತ್ತರಕ್ಕೆ ಬರುತ್ತಾರೆಂಬುದು ಸೂಚಿ ಬರೆದವನಿಗೆ ಎಂದೂ ಪೂರ್ತಿಯಾಗಿ ಹೊಳೆಯುವುದಿಲ್ಲ. ಗಣಿತದ ದೀರ್ಘ ಲೆಕ್ಕದಲ್ಲಿ ಮೊದಲ ಹಂತದಲ್ಲಿ ತಪ್ಪಿ ಮುಂದಿನ ಹಂತಗಳನ್ನು ಆ ತಪ್ಪಿಗೆ ಅನುಗುಣವಾಗಿ ಸರಿಯಾಗಿ ನಡೆಸಿದವನಿಗೆ ಏನು ಸಲ್ಲಬೇಕೆಂಬುದನ್ನೂ ಮೊದಲೇ ನಿಶ್ಚಯಿಸಬೇಕು. ಇಂತಹ ಲೆಕ್ಕದ ಹಂತಗಳನ್ನು ಬೇರೆಬೇರೆ ಪ್ರಶ್ನೆಗಳೆಂದು ಎಣಿಸಿ ಗುಣಾಂಕ ಕಟ್ಟಬಾರದು. ಒಂದು ತಪ್ಪಿದರೆ ಉಳಿದವೂ ತಪ್ಪುವುದರಿಂದ ಅವು ಪರಸ್ಪರ ಹೊಂದಿಕೊಂಡಂತೆ ಕಾಣುತ್ತವೆ, ವಿಶ್ವಸನೀಯತೆ ಸುಳ್ಳಾಗಿ ಏರುತ್ತದೆ. ಒಂದೇ ಗದ್ಯಭಾಗವನ್ನು ಕೊಟ್ಟು ಕೇಳುವ ನಾಲ್ಕು ಪ್ರಶ್ನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಐಚ್ಛಿಕ ಪ್ರಶ್ನೆಗಳ ವಿಷಯವನ್ನೂ ಹೇಳಬೇಕು. ಹತ್ತರಲ್ಲಿ ಯಾವುದಾದರೂ ಐದಕ್ಕೆ ಉತ್ತರಿಸಿರಿ ಎಂದಾಗ ಹೊರನೋಟಕ್ಕೆ ಒಂದು ಪತ್ರಿಕೆ. ಗಣಿತದ ಪ್ರಕಾರ 252 ಪತ್ರಿಕೆಗಳು. ಅವೆಲ್ಲವೂ ಸಮಾನ ಕಠಿಣವೆಂದು ಯಾರೂ ಪ್ರಮಾಣಮಾಡಲಾರರು. ಆಯ್ಕೆ ಅನಿವಾರ್ಯವಾದರೆ ಒಂದೇ ಪಾಠದ ಒಂದೇ ಮಟ್ಟದ ಎರಡರ ನಡುವೆ ‘ಅಥವಾ’ ಇರಲಿ.

ತನ್ನ ಶಾಲೆಯ ಅರ್ಧವಾರ್ಷಿಕ ಪರೀಕ್ಷೆಯ ಗುಣಾಂಕವನ್ನು ತಿಳಿಯಬಯಸುವ ಶಿಕ್ಷಕನಿಗೆ ಪೆನ್ಸಿಲೂ ಕಾಗದವೂ ಸಾಕು. ಪತ್ರಿಕೆಯನ್ನು ಎರಡು ಅರ್ಧಗಳಾಗಿ ಒಡೆದು, ಪ್ರತಿ ವಿದ್ಯಾರ್ಥಿಗೂ ಎರಡು ಮೊತ್ತಗಳನ್ನು ಬರೆದು, ಅವುಗಳ ಸಹಸಂಬಂಧವನ್ನು ಕಂಡುಹಿಡಿಯಬೇಕು. ಆ ಗುಣಾಂಕದ ಇಮ್ಮಡಿಯನ್ನು, ಅದಕ್ಕೆ ಒಂದನ್ನು ಕೂಡಿಸಿದುದರಿಂದ ಭಾಗಿಸಿದರೆ ಪೂರ್ಣ ಪತ್ರಿಕೆಯ ಗುಣಾಂಕ ದೊರೆಯುತ್ತದೆ. ಅರ್ಧಗಳಲ್ಲಿ 0.65 ಬಂದರೆ ಪೂರ್ಣದಲ್ಲಿ ಸುಮಾರು 0.79. ಒಡೆಯುವಾಗ ಮೊದಲರ್ಧ, ಕೊನೆಯರ್ಧ ಎಂದು ಕತ್ತರಿಸಿದರೆ ಒಂದು ಕಡೆ ಬಹು ಆಯ್ಕೆಯೂ ಇನ್ನೊಂದು ಕಡೆ ಪ್ರಬಂಧವೂ ಬಿದ್ದು ಲೆಕ್ಕ ಕೆಡುತ್ತದೆ. ಪ್ರತಿ ಬಗೆಯ ಪ್ರಶ್ನೆಗಳನ್ನೂ ಸಮನಾಗಿ ಎರಡೂ ಕಡೆಗೆ ಹಂಚಬೇಕು. ನಲವತ್ತು ಮಕ್ಕಳ ತರಗತಿಯಿಂದ ಬಂದ ಗುಣಾಂಕವು ಸ್ಥೂಲವಾದುದೇ. ಆದರೂ ಎರಡು ಮೂರು ವರ್ಷ ಬರೆದಿಟ್ಟುಕೊಂಡರೆ ಯಾವ ವಿಷಯದ ಪತ್ರಿಕೆ ಸಡಿಲವಾಗಿದೆಯೆಂಬುದು ತಾನಾಗಿ ಗೊತ್ತಾಗುತ್ತದೆ.

ಕೊನೆಯದಾಗಿ ದತ್ತಿ ಬಹುಮಾನಗಳ ವಿಚಾರ. ಮಾನಕ ದೋಷವು 5 ಆಗಿರುವ ಪತ್ರಿಕೆಯಲ್ಲಿ ಇಬ್ಬರು ವಿದ್ಯಾರ್ಥಿಗಳ ಅಂಕಗಳ ಅಂತರದ ಮಾನಕ ದೋಷವು ಸುಮಾರು 7. ಒಂದೆರಡು ಅಂಕಗಳ ಅಂತರವು ಏನನ್ನೂ ಸಿದ್ಧಪಡಿಸದು. ಅಂಕಗಳು ಪೂರ್ಣಾಂಕದ ಹತ್ತಿರ ಹೋದಂತೆ ದೋಷವು ಕಿರಿದಾಗುವುದು ನಿಜ. ಆದರೆ ಅಲ್ಲಿ ಅಂತರಗಳೂ ಅಷ್ಟೇ ಕಿರಿದಾಗುತ್ತವೆ. 625 ಅಂಕಗಳ ಮೊತ್ತದಲ್ಲಿ ಒಂದೇ ಅಂಕದಿಂದ ಪ್ರಥಮ, ದ್ವಿತೀಯ ಎಂದು ಕರೆಯುವುದಕ್ಕೆ ಅಳತೆಯ ಆಧಾರವಿಲ್ಲ. ‘ಅತ್ಯಧಿಕ ಅಂಕ ಪಡೆದ ಒಬ್ಬ ವಿದ್ಯಾರ್ಥಿಗೆ’ ಎಂಬ ಒಕ್ಕಣೆಯುಳ್ಳ ದತ್ತಿಪತ್ರವು ಆಡಳಿತ ಮಂಡಳಿಯ ಕೈಗಳನ್ನು ಕಟ್ಟಿಹಾಕುತ್ತದೆ. ಹೊಸ ದತ್ತಿಗಳನ್ನು ಸ್ಥಾಪಿಸುವ ದಾನಿಗಳು, ಅತ್ಯಧಿಕ ಅಂಕದಿಂದ ನಿಗದಿಯಾದ ಅಂತರದೊಳಗೆ ಬಂದ ಎಲ್ಲರಿಗೂ ಬಡ್ಡಿಯ ಹಣವನ್ನು ಸಮನಾಗಿ ಹಂಚಬಹುದು, ಅಥವಾ ಅವರಲ್ಲಿ ಅಗತ್ಯವುಳ್ಳವರಿಗೆ ಕೊಡಬಹುದು ಎಂಬ ಒಂದು ವಾಕ್ಯವನ್ನು ಸೇರಿಸಲು ಅಡ್ಡಿಯಿಲ್ಲ. ಆ ಅಂತರ ಎಷ್ಟೆಂಬುದನ್ನು ದತ್ತಿಪತ್ರದಲ್ಲಿ ಸಂಖ್ಯೆಯಾಗಿ ಬರೆಯದೆ, ಆಯಾ ವರ್ಷದ ಪರೀಕ್ಷೆಯ ಮಾನಕ ದೋಷವನ್ನು ಲೆಕ್ಕಹಾಕಿ ಮುಖ್ಯೋಪಾಧ್ಯಾಯರು ನಿರ್ಣಯಿಸುವಂತೆ ಬಿಡುವುದು ಮೇಲು. ಪ್ರಶ್ನಪತ್ರಿಕೆಯ ವಿನ್ಯಾಸವು ನಾಲ್ಕೈದು ವರ್ಷಗಳಿಗೊಮ್ಮೆ ಬದಲಾಗುತ್ತಲೇ ಇರುತ್ತದೆ.